ಗೆರೆಯಾಚೆ ನಿಂತ ತೇಜಸ್ವಿನಿ

2025ರ ನವೆಂಬರ್ 24ರಂದು ಢಾಕಾದಲ್ಲಿ ಮಹಿಳಾ ಕಬಡ್ಡಿ ವಿಶ್ವಕಪ್ ಫೈನಲ್. ಭಾರತ 35–28ರಿಂದ ಚೈನೀಸ್ ತೈಪೆಯನ್ನು ಮಣಿಸಿ ಕಪ್ ಉಳಿಸಿಕೊಂಡಿತು. ನಾಯಕಿ ರಿತು ನೇಗಿಯ ಫೋಟೊ ಎಲ್ಲ ಕಡೆ ಬಂತು. ಆ ತಂಡದ ಕೋಚ್ ಬೆಂಗಳೂರಿನ ವಿ. ತೇಜಸ್ವಿನಿ ಬಾಯಿ ಎಂಬುದು ನಮ್ಮ ಕಡೆ ಎಷ್ಟು ಜನರ ಕಿವಿಗೆ ಬಿತ್ತೋ! ಯಾದಗಿರಿ, ಶಹಾಪುರ, ಸುರಪುರದ ಶಾಲಾ ಮೈದಾನಗಳಲ್ಲಿ ಸುಣ್ಣದ ಪುಡಿಯ ಗೆರೆ ಎಳೆದು ಬರಿಗಾಲಲ್ಲಿ ಆಡುವ ಹುಡುಗಿಯರಿಗೆ ಈ ಹೆಸರು ಬಾಯಿಪಾಠ ಆಗಬೇಕು.

ಏಷ್ಯನ್ ಗೇಮ್ಸ್‌ಗೆ ಮಹಿಳಾ ಕಬಡ್ಡಿ ಬಂದದ್ದೇ 2010ರಲ್ಲಿ, ಗುವಾಂಗ್‌ಝೌನಲ್ಲಿ. ಥಾಯ್ಲೆಂಡನ್ನು ಸೋಲಿಸಿ ಮೊದಲ ಚಿನ್ನ ಗೆದ್ದ ಭಾರತ ತಂಡದಲ್ಲಿ ತೇಜಸ್ವಿನಿ ಇದ್ದರು. ಮರುವರ್ಷ ಅರ್ಜುನ ಪ್ರಶಸ್ತಿ. 2014ರಲ್ಲಿ ಇಂಚಿಯಾನ್‌ನಲ್ಲಿ ಇನ್ನೊಂದು ಚಿನ್ನ. 2021ರ ಮೇ ತಿಂಗಳಲ್ಲಿ ಕೋವಿಡ್ ಅವರ ಗಂಡನನ್ನು ಕಿತ್ತುಕೊಂಡಿತು. ಮಡಿಲಲ್ಲಿ ಕೆಲವೇ ತಿಂಗಳ ಕೂಸು. ಕೇಂದ್ರ ಕ್ರೀಡಾ ಸಚಿವಾಲಯ 2 ಲಕ್ಷ ರೂಪಾಯಿ ನೆರವು ಕೊಟ್ಟಿತು. ಅಂಥ ಹೊಡೆತ ತಿಂದ ಹೆಣ್ಣುಮಗಳು ನಾಲ್ಕೇ ವರ್ಷಕ್ಕೆ ದೇಶದ ತಂಡವನ್ನು ವಿಶ್ವಕಪ್‌ವರೆಗೆ ಮುನ್ನಡೆಸಿದರು.

ಕಬಡ್ಡಿ ಕೋಚ್ ಮಾಡುವ ಕೆಲಸ ಹೊರಗಿನವರಿಗೆ ಬೇಗ ಕಾಣುವುದಿಲ್ಲ. ಹೆಂಗಸರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಬರುವುದು ಅದರ ಅರ್ಧ. ಅಷ್ಟು ಚಿಕ್ಕ ಜಾಗದಲ್ಲಿ ಏಳು ಮಂದಿ, ಒಳಗೆ ಬಂದ ರೈಡರ್‌ಗೆ 30 ಸೆಕೆಂಡ್. ಕಾರ್ನರ್‌ನಲ್ಲಿರುವವಳು ಅರ್ಧ ಹೆಜ್ಜೆ ಮೊದಲೇ ಪಾದಕ್ಕೆ ಬಿದ್ದರೆ ಪಾಯಿಂಟ್ ಎದುರಾಳಿಗೆ. ರೈಡರ್‌ನ ಕಾಲು ಮೋಸ ಮಾಡುತ್ತದೆ, ಸೊಂಟ ಮಾಡುವುದಿಲ್ಲ. ಆದ್ದರಿಂದ ಕಣ್ಣು ಸೊಂಟದ ಮೇಲಿರಲಿ ಎಂದು ಅಭ್ಯಾಸದಲ್ಲಿ ನೂರು ಸಲ ಹೇಳಿಸಿಕೊಂಡ ಹುಡುಗಿ ಮಾತ್ರ ಪಂದ್ಯದಲ್ಲಿ ಕಾಯುತ್ತಾಳೆ. ಅವಳು ಹಿಡಿದ ಕ್ಷಣಕ್ಕೇ ಪಕ್ಕದ ಕವರ್ ಮೈಮೇಲೆ ಬೀಳಬೇಕು, ಇಲ್ಲವಾದರೆ ಹಿಡಿತ ಬಿಡಿಸಿಕೊಂಡು ರೈಡರ್ ನಡುಗೆರೆ ಮುಟ್ಟುತ್ತಾಳೆ. ಆಟದ ಪ್ರತಿ ಅರ್ಧದಲ್ಲಿ ತಂಡಕ್ಕೆ ಎರಡು ಟೈಮ್‌ಔಟ್, ಒಂದೊಂದೂ 30 ಸೆಕೆಂಡ್. ಬಾಯಾರಿ ಏದುಸಿರು ಬಿಡುವವರಿಗೆ ಅಷ್ಟರಲ್ಲಿ ಹತ್ತು ಮಾತು ಹಿಡಿಸುವುದಿಲ್ಲ. ಒಂದೇ ಮಾತು ಹೇಳಬೇಕು, ಅದು ಸರಿಯಾದದ್ದೇ ಆಗಿರಬೇಕು.

ಈ ವಿದ್ಯೆಯ ತೂಕ ನಮಗೆ 2018ರಲ್ಲಿ ನೋವಾಗಿಯೇ ತಿಳಿಯಿತು. ಜಕಾರ್ತ ಏಷ್ಯನ್ ಗೇಮ್ಸ್‌ನ ಫೈನಲ್‌ನಲ್ಲಿ ಇರಾನ್ 27–24ರಿಂದ ಭಾರತದ ಚಿನ್ನ ಕಸಿದುಕೊಂಡಿತು. ಇರಾನ್ ಹುಡುಗಿಯರನ್ನು ತಯಾರು ಮಾಡಿದವರು ನಾಸಿಕದ ಶೈಲಜಾ ಜೈನ್! ಆಡುವವರಿಗೆ ಚಪ್ಪಾಳೆ ತಟ್ಟಿ ಕಲಿಸುವವರನ್ನು ಮರೆಯುವ ದೇಶಕ್ಕೆ ಬಿದ್ದ ಪೆಟ್ಟು ಅದು ಎಂದೇ ನನ್ನ ಅನಿಸಿಕೆ.

ಕರ್ನಾಟಕಕ್ಕೆ ಆಟಗಾರ್ತಿಯರ ಕೊರತೆ ಎಂದೂ ಇರಲಿಲ್ಲ. 2012ರಲ್ಲಿ ಪಟ್ನಾದಲ್ಲಿ ಭಾರತ ಮೊದಲ ವಿಶ್ವಕಪ್ ಗೆದ್ದಾಗ ನಾಯಕಿ ಕಾರ್ಕಳ ತಾಲ್ಲೂಕಿನ ಮಮತಾ ಪೂಜಾರಿ. ಅವರು ಆಡಿದ್ದು ದಕ್ಷಿಣ ಮಧ್ಯ ರೈಲ್ವೆಗೆ, ಯಾದಗಿರಿ ಸ್ಟೇಷನ್ನಿನ ಮೇಲೆ ಹಾದುಹೋಗುವ ಅದೇ ರೈಲ್ವೆಗೆ. ಢಾಕಾ ತಂಡದಲ್ಲಿ ಮಂಗಳೂರು ಕಡೆಯ ಧನಲಕ್ಷ್ಮಿ ಪೂಜಾರಿ ಇದ್ದರು. ನಮ್ಮ ಯಾದಗಿರಿ ಜಿಲ್ಲೆಯ ಹುಡುಗಿಯರ ಆಟ ಮಾತ್ರ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟಕ್ಕೇ ನಿಂತುಬಿಡುತ್ತದೆ. ಹತ್ತನೇ ಇಯತ್ತೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಮದುವೆಯ ಮಾತು, ಇಲ್ಲವೇ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ದುಡಿಯಲು ಹೋಗುವುದು. ದೂರದ ಊರಿಗೆ ಆಡಲು ಕಳಿಸಲು ಅಪ್ಪ ಅಂಜುತ್ತಾನೆ. ಜೊತೆಗೆ ಬರುವ ಕೋಚ್ ಮೇಡಂ ಎಂದರೆ ಅವ್ವನಿಗೆ ಧೈರ್ಯ ಬರುತ್ತದೆ. ಮುಟ್ಟಿನ ದಿನದ ತೊಂದರೆಯನ್ನು ಹುಡುಗಿ ಮೇಡಂ ಹತ್ತಿರ ಹೇಳಿಕೊಂಡಾಳು, ಸರ್ ಹತ್ತಿರ ಹೇಳಲಾರಳು.

ತೇಜಸ್ವಿನಿ ಹಿಡಿದ ದಾರಿ ನಮ್ಮ ಹುಡುಗಿಯರಿಗೂ ಇದೆ. ಆಡುವ ವಯಸ್ಸು ದಾಟಿದವರಿಗೆ ಕೋಚ್ ಆಗಲು ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಡಿಪ್ಲೊಮಾ ಕೊಡುತ್ತದೆ, ಆರು ವಾರಗಳ ಸರ್ಟಿಫಿಕೇಟ್ ಕೋರ್ಸನ್ನೂ ನಡೆಸುತ್ತದೆ. ಜಿಲ್ಲಾ ಮಟ್ಟದಲ್ಲಿ ಆಡಿ ಈಗ ಮನೆಯಲ್ಲಿ ಕುಳಿತ ಅಕ್ಕಂದಿರನ್ನು ಹುಡುಕಿ, ಖರ್ಚು ಕೊಟ್ಟು ಅಲ್ಲಿಗೆ ಕಳಿಸುವ ಕೆಲಸವನ್ನು ಜಿಲ್ಲಾ ಪಂಚಾಯಿತಿ ಈ ವರ್ಷವೇ ಕೈಗೆತ್ತಿಕೊಳ್ಳಲಿ.