ಕೆಲಸವಿಲ್ಲದೆ ದುಡಿಯುವ ಗಣಕಯಂತ್ರ

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹಳ್ಳಿಗಳಿಗೆ ವಿದ್ಯುತ್ತು ಮರಳುವುದು ಯಾವಾಗಲೆಂದು ಹೇಳಬರುವುದಿಲ್ಲ. ಅಂಥ ದಿನ ಒಬ್ಬರು ಅಡಿಕೆಯ ಹಳೆಯ ಲೆಕ್ಕ ನೋಡಲೆಂದು ಡಾಸ್ ಕಾಲದ ಪ್ರೋಗ್ರಾಮೊಂದನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಹಾಗೆಯೇ ಬಿಟ್ಟು ಊಟಕ್ಕೆ ಹೋಗುತ್ತಾರೆನ್ನೋಣ. ಬರುವಷ್ಟರಲ್ಲಿ ಯಂತ್ರವು ಕಾದಿರುತ್ತದೆ, ಬ್ಯಾಟರಿಯು ಇಳಿದಿರುತ್ತದೆ. ಏನನ್ನೂ ಮಾಡದ ಪ್ರೋಗ್ರಾಂ ಇಷ್ಟು ಶಕ್ತಿಯನ್ನು ನುಂಗಿದುದಾದರೂ ಹೇಗೆ?

ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ಇಬ್ಬರು ಪ್ರಯಾಣಿಕರನ್ನು ಊಹಿಸಿಕೊಳ್ಳೋಣ. ಒಬ್ಬನು ಬೆಂಚಿನ ಮೇಲೆ ತೂಕಡಿಸುತ್ತ, ಶಿರಸಿಯ ಬಸ್ಸು ಬಂದಿತೆಂಬ ಕೂಗು ಕೇಳಿದಾಗ ಏಳುತ್ತಾನೆ. ಇನ್ನೊಬ್ಬನು ಕಿಟಕಿಯ ಮುಂದೆಯೇ ನಿಂತು, ‘ಬಸ್ಸು ಬಂತೆ? ಬಂತೆ?’ ಎಂದು ಉಸಿರು ಬಿಡದೆ ಕೇಳುತ್ತಾನೆ. ಹಳೆಯ ಪ್ರೋಗ್ರಾಮುಗಳು ಈ ಎರಡನೆಯವನ ಜಾತಿಯವು. ‘ಕೀಲಿ ಒತ್ತಿದರೆ?’ ಎಂದು ಸೆಕೆಂಡಿಗೆ ಹತ್ತು ಲಕ್ಷ ಸಲ ವಿಚಾರಿಸುವ ಪ್ರೋಗ್ರಾಮಿನ ಮುಂದೆ, ಸೆಕೆಂಡಿಗೆ ಐದು ಅಕ್ಷರ ಒತ್ತುವ ಚುರುಕು ಬೆರಳಿನವರು ಕುಳಿತರೂ, ಒಂದು ಉತ್ತರಕ್ಕೆ ಎರಡು ಲಕ್ಷ ಪ್ರಶ್ನೆಗಳಾದುವು!

ಇದು ಬರೆದವರ ದಡ್ಡತನವಲ್ಲ. 1981ರ ಐಬಿಎಂ ಪಿಸಿಯಲ್ಲಿ ಡಾಸ್ ವ್ಯವಸ್ಥೆಯು ಒಂದು ಸಲಕ್ಕೆ ಒಂದೇ ಪ್ರೋಗ್ರಾಮನ್ನು ನಡೆಸುತ್ತಿತ್ತು. ಪ್ರೊಸೆಸರನ್ನು ಬಿಟ್ಟುಕೊಡೋಣವೆಂದರೆ ಪಡೆಯುವವರೇ ಇರಲಿಲ್ಲ. ಇಂದಿನ ಯಂತ್ರದಲ್ಲಾದರೋ ಹತ್ತಾರು ಕೆಲಸಗಳು ಪ್ರೊಸೆಸರಿನ ಕಾಲವನ್ನು ಹಂಚಿಕೊಳ್ಳುತ್ತವೆ. ಯಾರಿಗೂ ಕೆಲಸವಿಲ್ಲದಾಗ ವ್ಯವಸ್ಥೆಯು ‘ನಿಲ್ಲು’ ಎಂಬ ಆಜ್ಞೆಯನ್ನಿತ್ತು ಪ್ರೊಸೆಸರನ್ನು ಮಲಗಿಸುತ್ತದೆ. ಟ್ರಾನ್ಸಿಸ್ಟರು ಸ್ಥಿತಿ ಬದಲಿಸಿದಾಗಲೆಲ್ಲ ಕಿಂಚಿತ್ ಶಕ್ತಿಯು ಶಾಖವಾಗುವುದರಿಂದ, ಈ ನಿದ್ರೆಯೇ ನಿಜವಾದ ಉಳಿತಾಯ. ಪ್ರಶ್ನೆ ಕೇಳುವ ಪ್ರೋಗ್ರಾಂ ಅದಕ್ಕೆ ಆಸ್ಪದ ಕೊಡದು. ನಾಲ್ಕು ತಿರುಳುಗಳ ಪ್ರೊಸೆಸರಿನಲ್ಲಿ ಬಳಕೆಯು ಶೇಕಡ 25 ಎಂದು ಕಂಡರೆ ಸಮಾಧಾನಪಡಬಾರದು. ಒಂದು ತಿರುಳು ಪೂರ್ಣವಾಗಿ ಉರಿಯುತ್ತಿದೆಯೆಂದೇ ಅದರ ಅರ್ಥವಾಗಿರಬಹುದು.

ಪ್ರೋಗ್ರಾಮಿನ ಆದ್ಯತೆಯನ್ನು ತಗ್ಗಿಸಿದರೆ ಸಾಲದೆ ಎಂದು ಕೆಲವರು ಕೇಳುವರು. ಅದರಿಂದ ಉಳಿದ ಕೆಲಸಗಳಿಗೆ ದಾರಿ ಸಿಕ್ಕೀತು. ಆದರೆ ಬಿಡುವಿನ ಕಾಲವನ್ನೆಲ್ಲ ಅದು ಮತ್ತೆ ಕಬಳಿಸುವುದರಿಂದ ಶಾಖವು ತಗ್ಗದು.

ಮೂಲಲಿಪಿಯು ಕೈಯಲ್ಲಿದ್ದರೆ, ಪ್ರಶ್ನೆಗೆ ‘ಇಲ್ಲ’ವೆಂಬ ಉತ್ತರ ಬಂದೊಡನೆ ತನ್ನ ಪಾಲಿನ ಕಾಲವನ್ನು ವ್ಯವಸ್ಥೆಗೆ ಒಪ್ಪಿಸುವ ಒಂದು ಕರೆಯನ್ನು ಸೇರಿಸಿದರಾಯಿತು. ಮೂಲಲಿಪಿ ಕಳೆದುಹೋಗಿದ್ದಾಗ ನಡುವೆ ಒಬ್ಬ ಕಾವಲುಗಾರನನ್ನು ಇರಿಸಬೇಕಾಗುತ್ತದೆ: ಪ್ರೋಗ್ರಾಂ ಕೇಳುವ ಪ್ರಶ್ನೆಗಳನ್ನು ತಡೆದು ಎಣಿಸಿ, ಬರಿಯ ಪ್ರಶ್ನೆಗಳು ಮಿತಿಮೀರಿದಾಗ ಅದನ್ನು ತುಸು ಮಲಗಿಸುವ ಸಣ್ಣ ಸಹಾಯಕ ಪ್ರೋಗ್ರಾಂ. ವಿಂಡೋಸ್ 95ರಲ್ಲಿ ಇಂಥದೊಂದು ಹೊಂದಾಣಿಕೆಯು ವ್ಯವಸ್ಥೆಯೊಳಗೇ ಇದ್ದಿತು. ಮಿತಿಯನ್ನು ತೀರ ಇಳಿಸಲೂ ಬಾರದು. ದೊಡ್ಡ ಪಟ್ಟಿಯನ್ನು ವಿಂಗಡಿಸುತ್ತ ನಡುನಡುವೆ ಕೀಲಿಯತ್ತ ಇಣುಕುವ ಪ್ರೋಗ್ರಾಮನ್ನು ಸೋಮಾರಿಯೆಂದು ತಿಳಿದು ಮಲಗಿಸಿದರೆ ಲೆಕ್ಕವೇ ಕುಂಟುತ್ತದೆ.

64 ಬಿಟ್ಟಿನ ವಿಂಡೋಸ್ ಡಾಸ್ ಪ್ರೋಗ್ರಾಮುಗಳನ್ನು ನೇರವಾಗಿ ನಡೆಸುವುದಿಲ್ಲ. ಅಲ್ಲಿ ಹಳೆಯ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ಒದಗಿಬರುತ್ತದೆ. ಮಿಲಿಸೆಕೆಂಡಿಗೆ ಇಷ್ಟೇ ಆಜ್ಞೆಗಳೆಂದು, ಉದಾಹರಣೆಗೆ 3000 ಎಂದು, ನಾವು ಅದಕ್ಕೆ ಪಡಿ ಗೊತ್ತುಮಾಡಬಹುದು. ಪಡಿ ಮುಗಿದ ಮೇಲೆ ಉಳಿದ ಕಾಲ ಅನುಕಾರಕವು ಸುಮ್ಮನಿರುತ್ತದೆ. ಒಳಗಿನ ಪ್ರೋಗ್ರಾಂ ಎಂದಿನಂತೆ ಪ್ರಶ್ನಿಸುತ್ತಲೇ ಇರುವುದು, ಆದರೆ ಪಡಿಯಷ್ಟೇ. ಪರದೆ ಜಡವಾಯಿತೆನಿಸಿದರೆ ಕಂಟ್ರೋಲ್ ಕೀಲಿಯೊಡನೆ ಎಫ್12 ಒತ್ತಿ ಪಡಿಯನ್ನು ಹೆಚ್ಚಿಸಬಹುದು. ಎಫ್11 ಒತ್ತಿದರೆ ಅದು ಇಳಿಯುತ್ತದೆ.