ನಿಮಗಿದು ಗೊತ್ತೆ? ಬೀಳಲೆಂದೇ ಹುಟ್ಟಿದ ದೇಹ!

ಒಂದು ಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದ ವಸ್ತು ನೆಲಕ್ಕೆ ಅಪ್ಪಳಿಸುವ ವೇಗ ಗಂಟೆಗೆ ಸುಮಾರು 16 ಕಿ.ಮೀ. ನಿಂತವರ ಸೊಂಟ ಇರುವುದೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ. ಹಾಗಾಗಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿಳಿದು ಬಂದವರಿಗೂ ಮನೆಯ ಒದ್ದೆ ಬಚ್ಚಲೇ ಕಂಟಕ. ನಿವೃತ್ತರ ಊರು ಮೈಸೂರಿಗೆ ಇದು ಬರೀ ಭೌತಶಾಸ್ತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ 6,84,000.

ಮೂಳೆ ಎಲ್ಲಿ, ಯಾವ ಕ್ಷಣದಲ್ಲಿ ಮುರಿಯುತ್ತದೆ? ತಿಳಿಯಲು ಯಾರನ್ನೂ ಬೀಳಿಸಿ ನೋಡುವಂತಿಲ್ಲವಲ್ಲ! ಅದಕ್ಕೇ ಕಂಪ್ಯೂಟರಿನಲ್ಲಿ ಕಟ್ಟಿದ ದೇಹ. ಮೂಳೆ, ಸ್ನಾಯು, ಮಿದುಳನ್ನು ಲಕ್ಷಗಟ್ಟಲೆ ಪುಟ್ಟ ತುಣುಕುಗಳಾಗಿ ವಿಂಗಡಿಸಿ, ಒಂದೊಂದರ ಮೇಲೂ ಬೀಳುವ ಒತ್ತಡವನ್ನು ಲೆಕ್ಕ ಹಾಕುತ್ತಾರೆ. ಸೆಕೆಂಡಿನೊಳಗೆ ಮುಗಿಯುವ ಪೆಟ್ಟಿನ ಲೆಕ್ಕಕ್ಕೆ ಗಂಟೆಗಟ್ಟಲೆ ಹಿಡಿಯುವುದುಂಟು. ಅನುಕೂಲವೆಂದರೆ, ಅದೇ ದೇಹವನ್ನು ಒಮ್ಮೆ ಪಕ್ಕಕ್ಕೆ, ಇನ್ನೊಮ್ಮೆ ಹಿಂದಕ್ಕೆ, ಮತ್ತೊಮ್ಮೆ ಮೆತ್ತನೆಯ ನೆಲದ ಮೇಲೆ ಬೀಳಿಸಬಹುದು. ಪಕ್ಕಕ್ಕೆ ಬಿದ್ದಾಗ ಪೆಟ್ಟು ನೇರವಾಗಿ ತೊಡೆಮೂಳೆಯ ಮೇಲ್ತುದಿಗೆ. ವಯಸ್ಸಾದವರಲ್ಲಿ ಅದು ಮುರಿಯುವುದು ಸಾಮಾನ್ಯ.

ಇಂಥ ದೇಹಗಳಲ್ಲಿ ಹೆಸರಾದದ್ದು ಟೊಯೋಟಾದ ‘ಥಮ್ಸ್’. 2000ದಲ್ಲಿ ಕಾರು ಅಪಘಾತಗಳ ಅಧ್ಯಯನಕ್ಕೆಂದು ಬಂದದ್ದು, 2021ರಿಂದ ಉಚಿತ. ಗಂಡು, ಹೆಣ್ಣು, ಮಗುವಿನ ಮಾದರಿಗಳೂ ಇದರಲ್ಲಿವೆ. ಆದರೆ ಎಪ್ಪತ್ತರ ಅಜ್ಜಿಯ ಸವೆದ ಮೂಳೆಗೆ ಮೂವತ್ತರ ಗಂಡಸಿನ ಲೆಕ್ಕ ಹೊಂದದು, ಅದಕ್ಕೆ ಸಿ.ಟಿ. ಸ್ಕ್ಯಾನ್‌ನಿಂದ ಅವರವರ ಮೂಳೆಯ ಸಾಂದ್ರತೆಯನ್ನೇ ತೆಗೆದುಕೊಂಡು ಮಾದರಿ ಕಟ್ಟುವ ಕೆಲಸವೂ ನಡೆದಿದೆ.