ತೆರೆದ ಕೊಳದ ಪಾಚಿ ಕೃಷಿ: ರಾಸ್‌ವೆಲ್ ಪ್ರಯೋಗ

ಪಾಚಿ, ಹಾವಸೆ ಎಂಬ ಪದಗಳು ಕನ್ನಡದ ಆಡುಮಾತಿನಲ್ಲಿ ಬಹುಮಟ್ಟಿಗೆ ಉಜ್ಜಿ ತೆಗೆಯಬೇಕಾದ ವಸ್ತುವನ್ನೇ ಸೂಚಿಸುತ್ತವೆ. ಅದನ್ನೇ ಬೆಳೆಯೆಂದು ಬಗೆದು ಇಂಧನ ತೆಗೆಯಲು ಹೊರಟ ಯೋಜನೆಯೊಂದು ಅಮೆರಿಕದ ಇಂಧನ ಇಲಾಖೆಯ ಆಶ್ರಯದಲ್ಲಿ 1978ರಿಂದ 1996ರವರೆಗೆ ನಡೆಯಿತು. ಸುಮಾರು 3,000 ಸೂಕ್ಷ್ಮಪಾಚಿ ತಳಿಗಳನ್ನು ಸಂಗ್ರಹಿಸಿ, ಎಣ್ಣೆಯಂಶ ಹೆಚ್ಚಿದ್ದವುಗಳನ್ನು ಪ್ರಯೋಗಾಲಯದಲ್ಲಿ ಆರಿಸಲಾಯಿತು.

ನ್ಯೂ ಮೆಕ್ಸಿಕೋದ ರಾಸ್‌ವೆಲ್‌ನಲ್ಲಿ ತಲಾ 1,000 ಚದರ ಮೀಟರಿನ ಎರಡು ತೆರೆದ ಕೊಳಗಳಿದ್ದವು. ಆಳವಿಲ್ಲದ, ಸುತ್ತುಗಾಲುವೆಯಂತಹ ರಚನೆ. ನೀರನ್ನು ಸದಾ ಚಲಿಸುವಂತೆ ಮಾಡುವ ಚಕ್ರ. ಪಾಚಿಗೆ ಆಹಾರವಾಗಿ ಇಂಗಾಲದ ಡೈಆಕ್ಸೈಡ್. ಕೆಲವು ದಿನಗಳಲ್ಲಿ ಚದರ ಮೀಟರಿಗೆ 50 ಗ್ರಾಂವರೆಗೂ ಇಳುವರಿ ಬಂದುದುಂಟು. ಆದರೆ ಅಲ್ಲಿನ ಚಳಿ ಸರಾಸರಿಯನ್ನು ಬಹಳ ತಗ್ಗಿಸಿತು.

ತಳಿಯ ಪ್ರಶ್ನೆ ಇನ್ನೂ ಗಹನವಾದುದು. ಸಾರಜನಕವನ್ನು ಕಡಿತಗೊಳಿಸಿದರೆ ಪಾಚಿಯಲ್ಲಿ ಎಣ್ಣೆಯಂಶ ಹೆಚ್ಚುತ್ತಿತ್ತು, ಬೆಳವಣಿಗೆ ಕುಂಠಿತವಾಗುತ್ತಿತ್ತು. ಅಲ್ಲದೆ ಆರಿಸಿ ಬಿತ್ತಿದ ತಳಿಯನ್ನು ಹಿಂದಿಕ್ಕಿ ಸ್ಥಳೀಯ ಪಾಚಿಯೇ ಕೊಳವನ್ನು ಆಕ್ರಮಿಸುತ್ತಿತ್ತು. ಒಂದೇ ತಳಿ ಸ್ಥಿರವಾಗಿ ನಿಲ್ಲಬೇಕಾದರೆ ಆ ನೆಲದ ತಳಿಗೇ ಕೊಳವನ್ನು ಬಿಟ್ಟುಕೊಡುವುದು ಲೇಸೆಂದು 1998ರ ಸಮಾಪ್ತಿ ವರದಿ ಸೂಚಿಸಿತು. ನಾಟಿ ಬೀಜವನ್ನು ನಂಬಿದ ರೈತನಿಗೆ ಇದು ಹೊಸ ಮಾತೇನಲ್ಲ. ಆಶಾದಾಯಕ ಅಂದಾಜಿನಲ್ಲೂ ಪಾಚಿಯ ಡೀಸೆಲ್ ಅಂದಿನ ಪೆಟ್ರೋಲಿಯಂ ಡೀಸೆಲಿಗಿಂತ ದುಬಾರಿಯೆಂಬುದನ್ನೂ ವರದಿ ಮರೆಮಾಚಲಿಲ್ಲ.